ಕಷಾಯಕ್ಕೂ ಒಂದು ಅಳತೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಪಾಠ. ಕೇಳುವಾಗ ಅಳತೆ ಬರೆದುಕೊಳ್ಳಲು ಆಗಲಿಲ್ಲ ಎಂದವರಿಗಾಗಿ ಇಲ್ಲಿ ಅಚ್ಚು ಹಾಕಿದ್ದೇವೆ.)



ಮಳೆ ಹಿಡಿದು ಕೂತಿದೆ. ಒದ್ದೆ ಕೊಡೆ, ಒದ್ದೆ ಚಪ್ಪಲಿ, ಮೂರು ದಿನವಾದರೂ ಒಣಗದ ಬಟ್ಟೆ, ತಡವಾಗಿ ಬರುವ ಲೋಕಲ್. ಮುಂಬಯಿಯ ಮಳೆಗಾಲವನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಇಂಥ ಸಂಜೆ ಮನೆ ಸೇರಿ, ಕಾಲು ತೊಳೆದು ಕೂತಾಗ ಬಿಸಿಯಾಗಿ ಏನಾದರೂ ಕುಡಿಯಬೇಕು ಅನಿಸುತ್ತದೆ. ಇವತ್ತಿನ ಮಾತು ಅಂಥದ್ದೇ ಒಂದು ಪಾನೀಯದ ಬಗ್ಗೆ. ನಮ್ಮ ಕೊತ್ತಂಬರಿ ಜೀರಿಗೆ ಕಷಾಯ.

ಅದಕ್ಕೂ ಮೊದಲು ನಾನು ನಿಮ್ಮಲ್ಲಿ ಕ್ಷಮೆ ಕೇಳಬೇಕು. 2023ರ ಮಳೆಗಾಲದಲ್ಲಿ ಇದೇ ಕಾರ್ಯಕ್ರಮದಲ್ಲಿ ಕಷಾಯದ ಬಗ್ಗೆ ನಾಲ್ಕು ಮಾತು ಹೇಳಿದ್ದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ಸಿಕ್ಕ ಎರಡು ನಿಮಿಷ. ಮಾತಿನ ಹುರುಪಿನಲ್ಲಿ, "ಇದು ಚಹಾ ಕಾಫಿಯ ಹಾಗಲ್ಲ ಕೇಳುಗರೇ, ಎಷ್ಟು ಕುಡಿದರೂ ಅಪಾಯವಿಲ್ಲ" ಎಂದುಬಿಟ್ಟೆ. ಯಾರೂ ಆಕ್ಷೇಪಿಸಲಿಲ್ಲ. ಕೆಲವರು ಫೋನ್ ಮಾಡಿ ಮೆಚ್ಚಿಕೊಂಡರು. ನನಗೂ ಖುಷಿಯಾಯಿತು. ಆದರೆ ಆ ಮಾತನ್ನು ಅಕ್ಷರಶಃ ಪಾಲಿಸಿದವರು ಒಬ್ಬರಿದ್ದರು. ಡೊಂಬಿವಲಿಯಲ್ಲಿರುವ ನನ್ನ ದೊಡ್ಡಮ್ಮ.

ದೊಡ್ಡಮ್ಮನ ತವರು ಶಿರಸಿಯ ಕಡೆ. ಮದುವೆಯಾಗಿ ಮುಂಬಯಿಗೆ ಬಂದು ನಲವತ್ತು ವರ್ಷ ದಾಟಿದೆ. ಇವತ್ತಿಗೂ ಅವರ ಮನೆಗೆ ಹೋದರೆ ಬಾಗಿಲಲ್ಲೇ ಕೇಳುವ ಮಾತು, "ಆಸರಿಗೆ ಎಂತ ಮಾಡ್ಲೇ ಕೂಸೇ? ಚಾ ಬೇಕೋ, ಕಷಾಯವೋ?" ಚಹಾ ಎಂದರೆ ಅವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಕಷಾಯ ಎಂದರೆ ಅರಳುತ್ತದೆ. ಅವರ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಗಾಜಿನ ಬಾಟಲಿ, ಅದರಲ್ಲಿ ಕಂದು ಬಣ್ಣದ ಪುಡಿ ಯಾವಾಗಲೂ ಇರುತ್ತದೆ. ಬಾಟಲಿ ಮುಚ್ಚಳ ತೆಗೆದರೆ ಸಾಕು, ಎರಡು ಕೋಣೆಯ ಆ ಮನೆಯಲ್ಲಿ ಊರಿನ ವಾಸನೆ.

ನಮ್ಮ ದೊಡ್ಡಮ್ಮ ರೇಡಿಯೋ ಬಿಟ್ಟವರಲ್ಲ. ನನ್ನ ದನಿ ಬಂದರಂತೂ ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರು ಮಾಡುತ್ತಾರೆ. ನಾನು ಆ ಮಾತು ಹೇಳಿದ ಮೇಲೆ ಅವರು ಒಂದು ದೊಡ್ಡ ಫ್ಲಾಸ್ಕ್ ಕೊಂಡರು. ಬೆಳಿಗ್ಗೆ ಕಷಾಯ ಮಾಡಿ ಅದರಲ್ಲಿ ತುಂಬಿಸಿಟ್ಟು ದಿನಕ್ಕೆ ನಾಲ್ಕೈದು ಲೋಟ ಕುಡಿಯತೊಡಗಿದರು. ಮಳೆಗೆ ಗಂಟಲು ಕೆರೆತ ಶುರುವಾದಾಗ, ಯಾರೋ ಹೇಳಿದರೆಂದು ಅದಕ್ಕೆ ಜ್ಯೇಷ್ಠಮಧುವಿನ ತುಂಡುಗಳನ್ನು ಜಜ್ಜಿ ಹಾಕಿದರು. ಊರ ಕಡೆ ಅದನ್ನು ಅತಿಮಧುರ ಎನ್ನುತ್ತೇವೆ. ಗಂಟಲಿಗೆ ಹಿತವಾಯಿತು, ರುಚಿಯೂ ಸಿಹಿಯಾಯಿತು, ಬೆಲ್ಲ ಹಾಕುವ ಕೆಲಸವೂ ತಪ್ಪಿತು. ಹೀಗೆ ಎರಡು ತಿಂಗಳು.

ಆಮೇಲೆ ಪಾದ ಊದಿಕೊಂಡಿತು. ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಶಕ್ತಿಯಿಲ್ಲ. ಇಷ್ಟು ವರ್ಷ ಒಂದೇ ಮಾತ್ರೆಗೆ ಹತೋಟಿಯಲ್ಲಿದ್ದ ರಕ್ತದೊತ್ತಡ 180 ದಾಟಿತು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ ಎಂದು ಬಂತು. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ಆಸ್ಪತ್ರೆಗೆ ಸೇರಿಸಬೇಕಾಯಿತು. ವೈದ್ಯರು ಮರಾಠಿಯಲ್ಲಿ ಮೂರು ಸಲ ಕೇಳಿದರು: ಅಜ್ಜೀ, ಈ ಮಾತ್ರೆ ಬಿಟ್ಟು ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ಮೂರು ಸಲವೂ ದೊಡ್ಡಮ್ಮ ಇಲ್ಲವೆಂದೇ ಹೇಳಿದರು. ಸುಳ್ಳು ಹೇಳಿದ್ದಲ್ಲ. ಕಷಾಯ ಔಷಧಿಯ ಲೆಕ್ಕಕ್ಕೆ ಬರುತ್ತದೆ ಎಂದು ಅವರಿಗೆ ಅನಿಸಿಯೇ ಇರಲಿಲ್ಲ. ಸಂಜೆ ನಾನು ನೋಡಲು ಹೋದಾಗ ಮಂಚದ ಪಕ್ಕದಲ್ಲಿ ಅದೇ ಫ್ಲಾಸ್ಕ್ ಇತ್ತು. ಮನೆಯಿಂದ ತರಿಸಿಕೊಂಡಿದ್ದರು! ಮುಚ್ಚಳ ತೆಗೆದು ಮೂಸಿದೆ. ಸಿಹಿ ವಾಸನೆ.

"ದೊಡ್ಡಮ್ಮಾ, ಇದಕ್ಕೆ ಎಂತ ಹಾಕಿದ್ದೆ?"

"ಅತಿಮಧುರ. ಎಂತಕೆ?"

"ಡಾಕ್ಟರ್ ಹತ್ರ ಹೇಳಿದ್ಯಾ?"

"ಅದೆಂತ ಔಷಧಿಯನೇ ಕೂಸೇ? ಕಷಾಯ ಅಲ್ದನೇ? ಎಷ್ಟು ಕುಡಿದ್ರೂ ಅಡ್ಡಿಲ್ಲೆ ಹೇಳಿ ನೀನೇ ಹೇಳಿದ್ಯಲೇ ರೇಡಿಯೋದಲ್ಲಿ!"

ಶ್ರೋತೃಗಳೇ, ಆ ಕ್ಷಣ ನನ್ನ ಕೈಯಲ್ಲಿದ್ದ ಫ್ಲಾಸ್ಕ್ ಬಹಳ ಭಾರವಾಯಿತು. ವೈದ್ಯರಿಗೆ ವಿಷಯ ತಿಳಿಸಿದೆವು. ಅತಿಮಧುರ ನಿಂತಿತು. ಕೆಲವು ವಾರಗಳಲ್ಲಿ ದೊಡ್ಡಮ್ಮ ಸುಧಾರಿಸಿಕೊಂಡರು. ಆದರೆ ನಾನು ಆಡಿದ ಮಾತು ಇನ್ನೂ ಯಾರ್ಯಾರ ಮನೆಯಲ್ಲಿ ಫ್ಲಾಸ್ಕ್ ತುಂಬಿಸಿದೆಯೋ ಎಂಬ ಅಳುಕು ಹೋಗಲಿಲ್ಲ. ಅದಕ್ಕೇ ಇವತ್ತು ಕಷಾಯದ ಪಾಠವನ್ನು ಮೊದಲಿನಿಂದ ಹೇಳುತ್ತೇನೆ. ಈ ಸಲ ಅಳತೆ ಸಮೇತ.

ಮೊದಲು ಹೆಸರು. ಕಷಾಯ ಎಂಬುದು ಸಂಸ್ಕೃತದ ಮಾತು. ಷಡ್ರಸಗಳ ಪಟ್ಟಿಯಲ್ಲಿ ಕೊನೆಗೆ ಬರುವ ರಸದ ಹೆಸರೂ ಕಷಾಯವೇ, ಅಂದರೆ ಒಗರು. ಆಯುರ್ವೇದದ ವೈದ್ಯರು ಮಾಡುವ ಕಷಾಯದಲ್ಲಿ ಮೂಲಿಕೆಗಳನ್ನು ನೀರಿಗೆ ಹಾಕಿ, ಕಾಲು ಭಾಗಕ್ಕೆ ಇಳಿಯುವಷ್ಟು ಕುದಿಸುವ ಕ್ರಮವುಂಟು. ಅದು ಔಷಧಿ. ಅದನ್ನು ರೋಗಿಯನ್ನು ನೋಡಿ, ಇಷ್ಟು ದಿನ ಎಂದು ಲೆಕ್ಕ ಹಾಕಿ ಕೊಡುತ್ತಾರೆ. ನಮ್ಮ ಮನೆಗಳಲ್ಲಿ ಮಾಡುವುದು ಅದಲ್ಲ. ನಮ್ಮದು ಅಡುಗೆಮನೆಯ ಸಾಂಬಾರ ಪದಾರ್ಥಗಳ ತಿಳಿಯಾದ, ಹಿತವಾದ ಪಾನೀಯ. ಎರಡಕ್ಕೂ ಒಂದೇ ಹೆಸರಿರುವುದರಿಂದಲೇ ಗೊಂದಲ. ಪಾನೀಯವನ್ನು ಔಷಧಿಯ ಹಾಗೆ ಗಟ್ಟಿ ಮಾಡುತ್ತೇವೆ, ಔಷಧಿಯನ್ನು ಪಾನೀಯದ ಹಾಗೆ ಲೋಟಗಟ್ಟಲೆ ಕುಡಿಯುತ್ತೇವೆ. ಇವತ್ತಿನ ನನ್ನ ಮಾತಿನ ಸಾರವೆಲ್ಲ ಇಷ್ಟೇ.

ಈಗ ಸಾಮಾನು. ಕಾಗದ ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಕೊತ್ತಂಬರಿ ಬೀಜ 100 ಗ್ರಾಂ. ಜೀರಿಗೆ 25 ಗ್ರಾಂ. ಮೆಂತ್ಯ ಒಂದು ಟೀ ಚಮಚ. ಕಾಳುಮೆಣಸು ಒಂದು ಟೀ ಚಮಚ. ಒಣಶುಂಠಿ ಹೆಬ್ಬೆರಳಿನ ಒಂದು ಗಿಣ್ಣಿನಷ್ಟು. ಏಲಕ್ಕಿ ಆರು. ಇಷ್ಟೇ. ನೆನಪಿಡಲು ಸುಲಭ: ನಾಲ್ಕು ಪಾಲು ಕೊತ್ತಂಬರಿಗೆ ಒಂದು ಪಾಲು ಜೀರಿಗೆ, ಉಳಿದದ್ದೆಲ್ಲ ಪರಿಮಳಕ್ಕೆ.

ಹೆಸರುಗಳ ವಿಷಯದಲ್ಲಿ ನಾವು ಕನ್ನಡಿಗರೇ ಒಬ್ಬರಿಗೊಬ್ಬರು ಅರ್ಥವಾಗುವುದಿಲ್ಲ. ನಾನು ಕೊತ್ತಂಬರಿ ಬೀಜ ಎಂದರೆ ಧಾರವಾಡದ ಕಡೆಯವರು "ಹವೀಜ ಅನ್ರೀ" ಎನ್ನುತ್ತಾರೆ, ಮೈಸೂರಿನವರು ಧನಿಯಾ ಎನ್ನುತ್ತಾರೆ. ಕಾಳುಮೆಣಸು ಮಂಗಳೂರು ಉಡುಪಿಯವರಿಗೆ ಒಳ್ಳೆಮೆಣಸು. ಇನ್ನು ಇಲ್ಲಿನ ಅಂಗಡಿಯಲ್ಲಿ ಕೇಳುವಾಗ ಕೊತ್ತಂಬರಿಗೆ ಧಣೆ, ಜೀರಿಗೆಗೆ ಜಿರೆ, ಮೆಣಸಿಗೆ ಕಾಳೀ ಮಿರೀ, ಒಣಶುಂಠಿಗೆ ಸುಂಠ, ಮೆಂತ್ಯಕ್ಕೆ ಮೇಥಿ ಎಂದರೆ ಸಾಕು. ನಮ್ಮ ಕೇಳುಗರಲ್ಲಿ ಚೆನ್ನೈಗೆ ವರ್ಗವಾಗಿ ಹೋದವರಿದ್ದಾರೆ. ಅಲ್ಲಿ ಒಣಶುಂಠಿಗೆ ಸುಕ್ಕು ಎನ್ನಬೇಕು. ಅಲ್ಲಿಯ ಸುಕ್ಕು ಕಾಪಿಯೂ ನಮ್ಮ ಕಷಾಯದ ದಾಯಾದಿಯೇ. ಅದರಲ್ಲೂ ಒಣಶುಂಠಿ, ಕೊತ್ತಂಬರಿ, ಮೇಲೆ ತಾಳೆಬೆಲ್ಲ. ಹೈದರಾಬಾದಿನಲ್ಲಿ ಧನಿಯಾಲು, ಜೀಲಕರ್ರ, ಮಿರಿಯಾಲು, ಶೊಂಠಿ ಎಂದು ಕೇಳಿ.

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ನಿಮಗೆ ಗೊತ್ತು. ಮುಂಬಯಿಯಲ್ಲಿ ನಮಗೆ ಹಿತ್ತಲೇ ಇಲ್ಲ. ಲಾಲ್‌ಬಾಗಿನ ಮಸಾಲೆ ಗಲ್ಲಿ, ಮಾಟುಂಗಾದ ಅಂಗಡಿಗಳು, ನಮ್ಮ ಕಟ್ಟಡದ ಕೆಳಗಿನ ಕಿರಾಣಿ ಅಂಗಡಿ, ಇವೇ ನಮ್ಮ ಹಿತ್ತಲು. ಹಾಗಾಗಿ ಕೊಳ್ಳುವಾಗ ಕಣ್ಣು ತೆರೆದಿರಬೇಕು. ಪುಡಿ ಕೊಳ್ಳಬೇಡಿ, ಕಾಳನ್ನೇ ಕೊಳ್ಳಿ. ಪುಡಿಯಲ್ಲಿ ಏನು ಬೆರೆತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕಾಳುಮೆಣಸಿನಲ್ಲಿ ಒಣಗಿದ ಪಪ್ಪಾಯಿ ಬೀಜ ಬೆರೆಸುವುದುಂಟು. ಒಂದು ಲೋಟ ನೀರಿಗೆ ಒಂದು ಚಮಚ ಮೆಣಸು ಹಾಕಿ ನೋಡಿ. ಒಳ್ಳೆಯ ಮೆಣಸು ತಳಕ್ಕೆ ಇಳಿಯುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಮೆಣಸೂ ತೇಲಬಹುದು. ತೇಲಿದ್ದು ಎರಡರಲ್ಲಿ ಯಾವುದಾದರೂ ಸರಿ, ತೆಗೆದು ಎಸೆಯಿರಿ. ಒಣಶುಂಠಿಯನ್ನು ಮುರಿದು ಒಳಗೆ ನೋಡಿ. ಈ ಊರಿನ ಮಳೆಗಾಲದ ತೇವಕ್ಕೆ ಅದು ಬೇಗ ಬೂಸ್ಟು ಹಿಡಿಯುತ್ತದೆ. ಕಪ್ಪು, ಹಸಿರು, ಬಿಳಿ ಪುಡಿಯಂಥದ್ದು ಕಂಡರೆ ತೊಳೆದು ಬಳಸೋಣ ಎಂಬ ಉಳಿತಾಯ ಬೇಡ.

ಇನ್ನು ಹುರಿಯುವುದು. ದಪ್ಪ ತಳದ ಬಾಣಲೆ, ಸಣ್ಣ ಉರಿ. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಒಂದೊಂದಕ್ಕೆ ಒಂದೊಂದು ಹದ. ಕೊತ್ತಂಬರಿ ಮುಟ್ಟಿದರೆ ಗರಿಗರಿ ಎನ್ನಬೇಕು, ಬಣ್ಣ ಸ್ವಲ್ಪ ಮಾತ್ರ ಬದಲಾಗಬೇಕು. ಜೀರಿಗೆ ಘಮ್ಮೆಂದ ತಕ್ಷಣ ಇಳಿಸಿ. ಮೆಂತ್ಯ ನಸುಗೆಂಪು ಸಾಕು, ಹೆಚ್ಚಾದರೆ ಇಡೀ ಬಾಟಲಿ ಕಹಿ. ಮೆಣಸು ಬೆಚ್ಚಗಾದರೆ ಸಾಕು. ಒಣಶುಂಠಿಯನ್ನು ಮೊದಲೇ ಕುಟ್ಟಿ ಚೂರು ಮಾಡಿಕೊಳ್ಳಿ, ಇಲ್ಲದಿದ್ದರೆ ಮಿಕ್ಸಿಯ ಬ್ಲೇಡಿಗೆ ಏಟು. ಏಲಕ್ಕಿ ಹುರಿಯುವುದು ಬೇಡ. ಎಲ್ಲ ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಿರುವಾಗಲೇ ಪುಡಿ ಮಾಡಿ ಬಾಟಲಿಗೆ ತುಂಬಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಗಾಜಿನ ಬಾಟಲಿ, ಬಿಗಿಯಾದ ಮುಚ್ಚಳ, ಒಣಗಿದ ಚಮಚ. ಎರಡು ತಿಂಗಳೊಳಗೆ ಮುಗಿಸಿ. ಇಬ್ಬರಿರುವ ಮನೆಯಾದರೆ ಅಷ್ಟು ದಿನವೂ ಬಾರದು.

ಕಷಾಯ ಮಾಡುವುದು ಹೇಗೆ? ಒಬ್ಬರಿಗೆ ಒಂದೂಕಾಲು ಲೋಟ ನೀರು. ಕುದಿ ಬಂದಾಗ ಒಂದು ಟೀ ಚಮಚ ಪುಡಿ, ಗೋಪುರವಾಗದಂತೆ ಮಟ್ಟಸವಾಗಿ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕುದಿಯಲಿ. ಒಲೆ ಆರಿಸಿ, ತಟ್ಟೆ ಮುಚ್ಚಿ ಎರಡು ನಿಮಿಷ ಬಿಡಿ. ಚರಟ ತಳಕ್ಕೆ ಕೂರುತ್ತದೆ. ಸೋಸಿ. ಬೆಲ್ಲ ಬೇಕಾದವರು ಈಗ ಅರ್ಧ ಚಮಚ ಹಾಕಿ ಕಲಕಿ. ಹಾಲು ಬೇಕಾದವರು ಬೇರೆಯಾಗಿ ಕಾಯಿಸಿದ ಹಾಲನ್ನು ಕೊನೆಗೆ ಸೇರಿಸಿ. ಬೆಲ್ಲ ಹಾಕಿದ ಕಷಾಯಕ್ಕೆ ಹಾಲು ಸೇರಿಸಿ ಮತ್ತೆ ಒಲೆಯ ಮೇಲಿಟ್ಟು ಕುದಿಸಿದರೆ ಹಾಲು ಒಡೆಯುವುದುಂಟು. ಹೊಸದಾಗಿ ಮದುವೆಯಾದಾಗ ಅತ್ತೆಯವರ ಎದುರು ನಾನು ಕಲಿತ ಪಾಠ ಇದು!

ಪುಡಿ ಮಾಡಿಡಲು ಸಮಯವಿಲ್ಲ ಎನ್ನುವವರಿಗೆ ಇನ್ನೊಂದು ದಾರಿ. ಇಲ್ಲಿನ ತರಕಾರಿಯವರ ಬಳಿ ಪುದಿನದ ಪಕ್ಕದಲ್ಲಿ ಉದ್ದುದ್ದ ಹುಲ್ಲಿನ ಕಟ್ಟು ಇರುತ್ತದಲ್ಲ, ಗವತೀ ಚಹಾ ಎನ್ನುತ್ತಾರೆ, ಅದೇ ನಮ್ಮ ಮಜ್ಜಿಗೆ ಹುಲ್ಲು. ಅದರ ಎರಡು ಗರಿ, ಕಿರುಬೆರಳಿನ ತುದಿಯಷ್ಟು ಹಸಿಶುಂಠಿ, ಐದಾರು ತುಳಸಿ ಎಲೆ. ಒಂದೂಕಾಲು ಲೋಟ ನೀರಲ್ಲಿ ಮೂರು ನಿಮಿಷ ಕುದಿಸಿ, ಮುಚ್ಚಿಟ್ಟು, ಸೋಸಿ. ಬೇಕಾದರೆ ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ. ಲಿಂಬೆ ಹಾಕುವುದಾದರೆ ಸ್ಟೀಲ್ ಪಾತ್ರೆಯೇ ಇರಲಿ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಗೆ ಹುಳಿ ತಾಗಬಾರದು. ಇನ್ನು ಸೊಪ್ಪು ಹುಲ್ಲನ್ನು ಚೆನ್ನಾಗಿ ತೊಳೆಯಿರಿ. ರಸ್ತೆ ಬದಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ ಬೆಳೆದದ್ದನ್ನು ಪುಕ್ಕಟೆ ಎಂದು ಕಿತ್ತು ತರಬೇಡಿ.

ಈಗ ಬಹಳ ಮುಖ್ಯವಾದ ಪ್ರಶ್ನೆ. ಎಷ್ಟು ಕುಡಿಯಬಹುದು?

ದಿನಕ್ಕೆ ಒಂದು ಲೋಟ, ಹೆಚ್ಚೆಂದರೆ ಎರಡು. 2020ರಲ್ಲಿ ಕೊರೊನಾ ಬಂದಾಗ ಕೇಂದ್ರದ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಕಷಾಯವನ್ನು ಸೂಚಿಸಿತ್ತು, ನಿಮಗೆ ನೆನಪಿರಬಹುದು. ಆ ಸೂಚನೆಯಲ್ಲೂ ಇದ್ದದ್ದು ದಿನಕ್ಕೆ ಒಂದು ಅಥವಾ ಎರಡು ಸಲ ಎಂದೇ. ಇದು ಕೊರೊನಾಕ್ಕೆ ಚಿಕಿತ್ಸೆಯಲ್ಲ ಎಂದೂ ಅದರಲ್ಲೇ ಹೇಳಿತ್ತು. ನಾವು ಕಷಾಯ ಎಂಬ ಮಾತನ್ನು ಮಾತ್ರ ಹಿಡಿದುಕೊಂಡೆವು, ಒಂದೆರಡು ಸಲ ಎಂಬುದನ್ನು ಬಿಟ್ಟೆವು. ಹೊಟ್ಟೆ ಉರಿ, ಹುಳಿತೇಗು, ಬಾಯಿ ಹುಣ್ಣು ಕಾಣಿಸಿಕೊಂಡರೆ ಮೆಣಸು, ಶುಂಠಿ ಹೆಚ್ಚಾಗಿದೆ ಎಂದು ನಿಮ್ಮ ದೇಹವೇ ಹೇಳುತ್ತಿದೆ. ಎರಡು ದಿನ ನಿಲ್ಲಿಸಿ. ಪುಡಿ ಕಡಿಮೆ ಮಾಡಿ. ಗಟ್ಟಿಯಾದಷ್ಟೂ ಗುಣ ಹೆಚ್ಚು ಎಂಬ ಲೆಕ್ಕ ಬೇಡ.

ಬಿಸಿಯ ಬಗ್ಗೆಯೂ ಒಂದು ಮಾತು. ಕುದಿಯುವುದನ್ನೇ ಸುರ್ರೆಂದು ಹೀರುವ ಶೂರರು ನಮ್ಮಲ್ಲಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ, 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ಕುಡಿಯುವ ಅಭ್ಯಾಸ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ಹೇಳಿದೆ. ಪಾನೀಯ ಯಾವುದೇ ಇರಲಿ, ದೋಷ ಆ ಬಿಸಿಯದ್ದು. ಅದಕ್ಕೆ ಥರ್ಮಾಮೀಟರ್ ಬೇಕಿಲ್ಲ. ಸೋಸಿದ ಮೇಲೆ ಐದು ನಿಮಿಷ ಆರಲು ಬಿಡಿ, ತುಟಿಗೆ ಹಿತವಾದಾಗ ಕುಡಿಯಿರಿ. ಮಕ್ಕಳಿರುವ ಮನೆಯಲ್ಲಿ ಲೋಟವನ್ನು ಕಟ್ಟೆಯ ಅಂಚಿನಲ್ಲಿ ಇಡಬೇಡಿ. ನೆಗಡಿಗೆಂದು ಕುಕ್ಕರಿನಷ್ಟು ಕಷಾಯ ಕಾಯಿಸಿ ನೆಲದ ಮೇಲಿಡುವುದಂತೂ ಬೇಡವೇ ಬೇಡ.

ಫ್ಲಾಸ್ಕಿನ ವಿಷಯ ಬಂತಲ್ಲ. ಹಾಲು ಹಾಕಿದ ಕಷಾಯವನ್ನು ಫ್ಲಾಸ್ಕಿನಲ್ಲಿ ಇಡಲೇಬೇಡಿ. ಬಿಸಿ ಇಳಿದು ಬೆಚ್ಚಗಿರುವ ಹಾಲು ಸೂಕ್ಷ್ಮಾಣುಗಳಿಗೆ ಹಬ್ಬದೂಟ. ಹಾಲಿಲ್ಲದ ಕಷಾಯವನ್ನು ಬೆಳಿಗ್ಗೆ ಮಾಡಿದರೆ ಮಧ್ಯಾಹ್ನದೊಳಗೆ ಮುಗಿಸಿ. ನಿನ್ನೆಯದನ್ನು ಇವತ್ತು ಬಿಸಿ ಮಾಡಿ ಕುಡಿಯುವುದಕ್ಕಿಂತ ಹೊಸದಾಗಿ ಮಾಡುವುದು ಹತ್ತು ನಿಮಿಷದ ಕೆಲಸ.

ಇನ್ನು ಏನನ್ನು ಸೇರಿಸಬಾರದು ಎಂಬ ಮಾತು. ಇದೇ ನನ್ನ ದೊಡ್ಡಮ್ಮ ಎಡವಿದ ಜಾಗ.

ಅತಿಮಧುರದ ಬೇರಿನಲ್ಲಿ ಗ್ಲಿಸಿರೈಜಿನ್ ಎಂಬ ಅಂಶವಿದೆ. ಅದರ ಸಿಹಿಗೂ ಅದೇ ಕಾರಣ. ಅದನ್ನು ವಾರಗಟ್ಟಲೆ ಸೇವಿಸಿದರೆ ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ದೊಡ್ಡಮ್ಮ ತೆಗೆದುಕೊಳ್ಳುತ್ತಿದ್ದ ಮಾತ್ರೆ ಮೂತ್ರ ಹೆಚ್ಚಿಸುವ ಬಗೆಯದು. ಅದೂ ಪೊಟ್ಯಾಸಿಯಂ ಇಳಿಸುವಂಥದ್ದೇ. ಹೀಗೆ ಎರಡೂ ಕೂಡಿಕೊಂಡವು. ಗಂಟಲಿಗೆಂದು ಎಂದೋ ಒಮ್ಮೆ ಒಂದು ಚೂರು ಬಾಯಲ್ಲಿಟ್ಟುಕೊಳ್ಳುವುದು ಬೇರೆ, ದಿನವೂ ಕುದಿಸಿ ಕುಡಿಯುವುದು ಬೇರೆ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು, ಬಸುರಿಯರು ಅದರ ಸಹವಾಸಕ್ಕೇ ಹೋಗಬಾರದು. ಮನೆಯ ಕಷಾಯಕ್ಕೆ ಅದು ಬೇಕಾಗಿಯೂ ಇಲ್ಲ.

ಅಮೃತಬಳ್ಳಿಯ ಬಗ್ಗೆಯೂ ಎಚ್ಚರ ಇರಲಿ. ಕೊರೊನಾ ಕಾಲದಲ್ಲಿ ಗಿಲೋಯ್ ಎಂದು ಮನೆಮನೆಯಲ್ಲಿ ಕುದಿಸಿದರು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ವೈದ್ಯರು, ಅದನ್ನು ಸೇವಿಸುತ್ತಿದ್ದ 6 ಮಂದಿ ರೋಗಿಗಳಲ್ಲಿ ಯಕೃತ್ತಿನ ತೊಂದರೆ ಕಂಡು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ಕುಲದ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು. ವಾದ ಹೇಗೇ ಇರಲಿ, ನಮ್ಮ ನಿಮ್ಮಂಥವರು ಕಲಿಯಬೇಕಾದದ್ದು ಒಂದೇ. ಗುರುತು ಸರಿಯಾಗಿ ತಿಳಿಯದ ಬಳ್ಳಿ, ಬೇರು, ತೊಗಟೆಯನ್ನು ಲೋಟಕ್ಕೆ ಹಾಕಬಾರದು. ದಾಲ್ಚಿನ್ನಿಯ ಮಾತು ಹೇಳುವುದಾದರೆ, ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ದಪ್ಪ ತೊಗಟೆ ಕ್ಯಾಸಿಯಾ ಜಾತಿಯದು. ಅದರಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು. ದಿನವೂ ಬಹಳ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ. ಕಾಗದದಂಥ ತೆಳು ಪದರಗಳು ಸುರುಳಿಯಾಗಿರುವುದು ಸಿಲೋನಿನ ದಾಲ್ಚಿನ್ನಿ. ಅದರಲ್ಲಿ ಈ ಅಂಶ ಬಹಳ ಕಡಿಮೆ. ಪಲಾವಿಗೆ ಯಾವುದಾದರೂ ಆದೀತು, ದಿನದ ಕಷಾಯಕ್ಕೆ ಸುರುಳಿಯದ್ದೇ ಇರಲಿ, ಅದೂ ಉಗುರಿನಷ್ಟು.

ಯಾರು ವೈದ್ಯರನ್ನು ಕೇಳಿಯೇ ಕುಡಿಯಬೇಕು? ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತೆಗೆದುಕೊಳ್ಳುವವರು, ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಗೆ ಔಷಧಿ ಇರುವವರು, ಯಕೃತ್ತಿನ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಬಸುರಿಯರು. ಮೆಣಸಿನಲ್ಲಿರುವ ಪೈಪರಿನ್ ಕೆಲವು ಔಷಧಿಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸಬಲ್ಲದು. ಸಾರಿನಲ್ಲಿ ಹಾಕುವಷ್ಟಕ್ಕೆ ಹೆದರಬೇಕಿಲ್ಲ, ಕಷಾಯವೆಂದು ದಿನವೂ ಚಮಚಗಟ್ಟಲೆ ಹಾಕಿದಾಗ ಯೋಚಿಸಬೇಕು. ಸಕ್ಕರೆ ಕಾಯಿಲೆಯವರು "ಬೆಲ್ಲ ಅಲ್ಲವೇ, ಸಕ್ಕರೆ ಅಲ್ಲವಲ್ಲ" ಎಂದು ಸಮಾಧಾನ ಮಾಡಿಕೊಳ್ಳಬೇಡಿ. ರಕ್ತಕ್ಕೆ ಎರಡೂ ಒಂದೇ.

ಮಕ್ಕಳ ವಿಷಯ. ಆರು ತಿಂಗಳ ತನಕ ಕೂಸಿಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ. ಓಮದ ನೀರೂ ಬೇಡ, ಕಷಾಯವೂ ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಲೇಬಾರದು, ನೆಕ್ಕಿಸಲೂ ಬಾರದು. ಅದರಲ್ಲಿರಬಹುದಾದ ಒಂದು ಸೂಕ್ಷ್ಮಾಣುವಿನ ಬೀಜ ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಹುದು. ಬೊಟುಲಿಸಂ ಎಂಬ ಆ ಕಾಯಿಲೆ ಅಪರೂಪ, ಆದರೆ ಜೀವಕ್ಕೇ ಕುತ್ತು. ಅಜ್ಜಿಯಂದಿರು ಬೇಸರ ಮಾಡಿಕೊಳ್ಳಬೇಡಿ, ಇದನ್ನು ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ.

ಕೊನೆಯದಾಗಿ, ಯಾವಾಗ ಕಷಾಯದ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿ ವೈದ್ಯರ ಬಳಿ ಹೊರಡಬೇಕು? ಈ ಊರಿನ ಮಳೆಗಾಲದಲ್ಲಿ ಮಲೇರಿಯಾ, ಡೆಂಗ್ಯೂ, ಲೆಪ್ಟೋಸ್ಪೈರೋಸಿಸ್ ಮೂರೂ ಇವೆ. ಮೂರೂ ಮೊದಲಿಗೆ ಸಾದಾ ಜ್ವರದ ಹಾಗೆಯೇ ಕಾಣುತ್ತವೆ. ಚಳಿ ನಡುಕದ ಜ್ವರ, ಕಣ್ಣಿನ ಹಿಂದೆ ನೋವು, ಮೈಮೇಲೆ ಕೆಂಪು ಗುಳ್ಳೆ, ಕಣ್ಣು ಹಳದಿ, ಮೂತ್ರ ಕಡಿಮೆ, ಉಸಿರಿಗೆ ಕಷ್ಟ, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹೋಗಿ. ಏನೂ ಇಲ್ಲದೆ ಬರಿಯ ಜ್ವರವಾದರೂ ಎರಡು ದಿನಕ್ಕಿಂತ ಹೆಚ್ಚು ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ನಿಂತ ಮಳೆನೀರಿನಲ್ಲಿ ನಡೆದುಬಂದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ಲೆಪ್ಟೋಗೆ ತಡೆ ಔಷಧಿ ತೆಗೆದುಕೊಳ್ಳಿ ಎಂದು ಇಲ್ಲಿನ ಮಹಾನಗರಪಾಲಿಕೆ ಮಳೆಗಾಲದಲ್ಲಿ ಹೇಳುತ್ತಲೇ ಬಂದಿದೆ. ಕಾಲಿಗೆ ಗಾಯವಿದ್ದರಂತೂ ತಡಮಾಡಲೇಬೇಡಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಆಗಲೇಬೇಕು. ಕಷಾಯ ಗಂಟಲಿಗೆ ಹಿತ ಕೊಡುತ್ತದೆ, ಮನಸ್ಸಿಗೆ ಹಿತ ಕೊಡುತ್ತದೆ, ದೇಹಕ್ಕೆ ನೀರು ಕೊಡುತ್ತದೆ. ಅಷ್ಟು ಸಾಕು. ಮಲೇರಿಯಾವನ್ನೋ ಕ್ಷಯವನ್ನೋ ವಾಸಿ ಮಾಡುವ ಹೊಣೆಯನ್ನು ಅದರ ಮೇಲೆ ಹೊರಿಸಬಾರದು.

ವೈದ್ಯರು "ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ" ಎಂದು ಕೇಳಿದಾಗ ಕಷಾಯವನ್ನೂ ಹೇಳಿ, ಲೇಹ್ಯವನ್ನೂ ಹೇಳಿ, ಊರಿಂದ ಬಂದ ಬೇರಿನ ಪುಡಿಯನ್ನೂ ಹೇಳಿ. ನಕ್ಕಾರು ಎಂಬ ಸಂಕೋಚ ಬೇಡ. ನಮ್ಮ ಭಾಷೆಯಲ್ಲಿ ಹೆಸರು ಹೇಳಿದರೆ ಅವರಿಗೆ ತಿಳಿಯದು ಎನಿಸಿದರೆ ಆ ಪೊಟ್ಟಣವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಪರಊರಿನಲ್ಲಿರುವ ನಮ್ಮ ಹಿರಿಯರ ಕಷ್ಟ ಇದೇ. ಆಸ್ಪತ್ರೆಯಲ್ಲಿ ಮಾತಾಡಲು ಭಾಷೆ ತಡವರಿಸುತ್ತದೆ, ಅರ್ಧ ವಿಷಯ ಒಳಗೇ ಉಳಿಯುತ್ತದೆ. ಮಕ್ಕಳು ಜೊತೆಗೆ ಹೋಗಿ. ಅವರು ಏನು ಕುಡಿಯುತ್ತಿದ್ದಾರೆ ಎಂದು ಮನೆಯಲ್ಲೇ ಒಮ್ಮೆ ಕೇಳಿ. ನಾನು ಎರಡು ತಿಂಗಳು ಕೇಳಿರಲಿಲ್ಲ.

ಹೋದ ಭಾನುವಾರ ಡೊಂಬಿವಲಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಅದೇ ಗಾಜಿನ ಬಾಟಲಿ. ಫ್ಲಾಸ್ಕ್ ಮಾತ್ರ ಅಟ್ಟ ಸೇರಿದೆ. ದೊಡ್ಡಮ್ಮ ಎರಡು ಸಣ್ಣ ಲೋಟಗಳಲ್ಲಿ ಕಷಾಯ ತಂದರು. ಬಾಟಲಿಯ ಮೇಲೆ ಮೊಮ್ಮಗಳ ಕೈಯಲ್ಲಿ ಚೀಟಿ ಬರೆಸಿ ಅಂಟಿಸಿದ್ದರು: "ದಿನಕ್ಕೆ ಎರಡೇ." ನಾನು ಲೋಟ ಎತ್ತಿಕೊಳ್ಳುವಾಗ, "ಕೂಸೇ, ಬಿಸಿ ಇದ್ದು, ಆರ್ಲಿ ತಡಿ" ಎಂದರು. ಆಮೇಲೆ ನಕ್ಕು, "ಈ ಸಲ ರೇಡಿಯೋದಲ್ಲಿ ಹೇಳೂಕಾದ್ರೆ ಸಮಾ ಹೇಳು" ಎಂದರು.

ಹೇಳಿದ್ದೇನೆ ದೊಡ್ಡಮ್ಮ. ಕೇಳುತ್ತಿದ್ದೀಯಲ್ಲ?

ಶ್ರೋತೃಗಳೇ, ನಿಮ್ಮ ಮನೆಯ ಕಷಾಯದಲ್ಲಿ ಏನೇನು ಹಾಕುತ್ತೀರಿ, ಎಷ್ಟು ಹಾಕುತ್ತೀರಿ ಎಂದು ನಮಗೆ ಬರೆದು ಕಳುಹಿಸಿ. ಅಳತೆ ಬರೆಯಲು ಮರೆಯಬೇಡಿ. ಮುಂದಿನ ವಾರ ಇದೇ ಹೊತ್ತಿಗೆ ಮತ್ತೆ ಸೇರೋಣ. ಅಲ್ಲಿಯವರೆಗೆ ಕೊಡೆ ಮರೆಯದಿರಿ, ಬೆಚ್ಚಗಿರಿ. ನಮಸ್ಕಾರ.